ಮೂರನೇ ಮಹಡಿಯ ಏಸಿ

ನನ್ನ ಹೆಸರು ಕುವಾಂಗ್ ಶೌರೆನ್. ವುಹಾನಿನ ನೂಲಿನ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಅಳತೆ ವಿಭಾಗದಲ್ಲಿ ದುಡಿದವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಿಡಿಭಾಗವನ್ನು ಮುಲಾಜಿಲ್ಲದೆ ವಾಪಸು ಕಳಿಸುವ ಕಟ್ಟುನಿಟ್ಟಿನ ಮನುಷ್ಯ ಎಂದು ನನಗೆ ಹೆಸರಿತ್ತು. ಇತ್ತು ಎಂದೆ. ಈಗ ನಮ್ಮ ವಠಾರದಲ್ಲಿ ನನಗೆ ಬೇರೆ ಹೆಸರಿದೆ. ಅದು ಹೇಗೆ ಬಂತೆನ್ನುವುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ನಾನು ಹೇಳಿದರೂ ಮರ್ಯಾದೆಯೇನೂ ಉಳಿಯುವುದಿಲ್ಲ, ಖಾರ ಮಾತ್ರ ಸ್ವಲ್ಪ ಕಡಿಮೆ ಇರುತ್ತದೆ.

ಇಷ್ಟಕ್ಕೆಲ್ಲ ಕಾರಣ ಲಾವ್ ಪಾಂಗನ ಉಣ್ಣೆಯ ಸ್ವೆಟರ್.

ತೊಂಬತ್ತಾರನೇ ಇಸವಿಯ ಬೇಸಿಗೆ. ಅದಕ್ಕೆ ಮುಂಚೆ ನಮ್ಮ ವಠಾರದಲ್ಲಿ ಬೇಸಿಗೆಗೊಂದು ಕ್ರಮವಿತ್ತು. ಬಿಸಿಲಿಳಿಯುತ್ತಲೇ ಓಣಿಗೆ ನೀರು ಚೆಲ್ಲಿ, ಬಿದಿರಿನ ಮಂಚಗಳನ್ನು ಸಾಲಾಗಿ ಹಾಕಿ, ಬನಿಯನ್ನನ್ನು ಎದೆಯವರೆಗೆ ಸುತ್ತಿಕೊಂಡು, ಕಲ್ಲಂಗಡಿ ಕೊಯ್ದು ತಿಂದು, ಬೀಸಣಿಗೆಯಲ್ಲಿ ಸೊಳ್ಳೆ ಹೊಡೆಯುತ್ತ ಅಡ್ಡಾಗುವುದು. ಮಂಚದ ಮೇಲೆ ಕಾರ್ಖಾನೆಯ ಉಪನಿರ್ದೇಶಕನ ಹೊಟ್ಟೆಯೂ ಒಂದೇ, ಗೇಟಿನ ಕಾವಲುಗಾರನ ಹೊಟ್ಟೆಯೂ ಒಂದೇ. ಆ ವರ್ಷ ಒಂದೊಂದೇ ಮಂಚ ಓಣಿಯಿಂದ ಮಾಯವಾಗತೊಡಗಿತು. ಯಾರ ಮಂಚ ಮಾಯವಾಯಿತೋ ಅವರ ಕಿಟಕಿಯಲ್ಲಿ ಏಸಿಯ ಡಬ್ಬ ಕಾಣಿಸಿಕೊಂಡಿತು.

ಲಾವ್ ಪಾಂಗ್ ನಮ್ಮ ಕೆಳಗಿನ ಮನೆಯವನು, ಎರಡನೇ ಮಹಡಿ. 'ಲಾವ್' ಎಂದರೆ ಹಳಬ, ಸರೀಕರನ್ನು ನಾವು ಸಲಿಗೆಯಿಂದ ಹಾಗೆ ಕರೆಯುತ್ತೇವೆ. ಲೇತ್ ವಿಭಾಗದವನು. ನಾವಿಬ್ಬರೂ ಒಂದೇ ವರ್ಷ ಕಾರ್ಖಾನೆ ಸೇರಿದವರು, ಒಂದೇ ವರ್ಷ ಮದುವೆಯಾದವರು, ಸೈಕಲ್ಲು, ಹೊಲಿಗೆ ಯಂತ್ರ, ಬಣ್ಣದ ಟೀವಿ, ಫ್ರಿಜ್ಜು ಎಲ್ಲವನ್ನೂ ಹೆಚ್ಚು ಕಡಿಮೆ ಒಟ್ಟಿಗೇ ಮನೆಗೆ ತಂದವರು. ನಮ್ಮ ಫ್ರಿಜ್ಜು ಇವತ್ತಿಗೂ ನಡುಮನೆಯಲ್ಲೇ ಇದೆ, ಮೇಲೆ ನನ್ನ ಹೆಂಡತಿ ಗುಯಿಲಾನ್ ಹೆಣೆದ ಲೇಸಿನ ಹೊದಿಕೆ. ಅಂಥ ಪಾಂಗ್, ಜೂನ್ ತಿಂಗಳ ಒಂದು ಮಧ್ಯಾಹ್ನ, ಹೊರಗೆ ಮೂವತ್ತೊಂಬತ್ತು ಡಿಗ್ರಿ ಇರುವಾಗ, ಉದ್ದ ತೋಳಿನ ಉಣ್ಣೆಯ ಸ್ವೆಟರ್ ಹಾಕಿಕೊಂಡು ಅಂಗಳಕ್ಕೆ ಇಳಿದು ಬಂದ.

"ಏನೋ ಲಾವ್ ಪಾಂಗ್, ಜ್ವರಾನಾ?" ಎಂದೆ.

"ಜ್ವರ ಏನಿಲ್ಲಪ್ಪ. ಏಸಿ ಹಾಕಿಸ್ದೆ ನೋಡು, ಮನೇಲಿ ಕೂರಕ್ಕಾಗಲ್ಲ, ಅಷ್ಟು ಚಳಿ. ಸ್ವಲ್ಪ ಬೆಚ್ಚಗಾಗೋಣ ಅಂತ ಬಂದೆ." ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿದ್ದರೂ ಅವನು ಎರಡೂ ಅಂಗೈ ಉಜ್ಜಿಕೊಂಡ. "ನಿಂಗೆ ಸೆಕೆ ಅಲ್ವಾ? ಪಾಪ. ಅಭ್ಯಾಸ ಆಗೋಗಿರತ್ತೆ ಬಿಡು."

ಆ 'ಪಾಪ' ನನ್ನ ಹೊಟ್ಟೆಯಲ್ಲಿ ಎರಡು ದಿನ ಕರಗಲಿಲ್ಲ. ಹಿಂದಿನ ಓಣಿಗೆ ಹೋಗಿ ನಿಂತು ನಮ್ಮ ಏಳನೇ ಕಟ್ಟಡವನ್ನು ನೋಡಿದೆ. ಒಂದನೇ ಮಹಡಿಯಲ್ಲಿ ಡಬ್ಬ, ಎರಡರಲ್ಲಿ ಡಬ್ಬ, ನಾಲ್ಕರಲ್ಲಿ, ಐದರಲ್ಲಿ, ಆರರಲ್ಲಿ ಡಬ್ಬ. ಮೂರರಲ್ಲಿ ನನ್ನ ಒಳಚಡ್ಡಿ ಒಣಗುತ್ತಿತ್ತು.

ಏಸಿ ಕೊಳ್ಳುವ ಅನುಕೂಲ ನಮಗೆ ಆ ವರ್ಷ ಇರಲಿಲ್ಲ. ಹಾಗೆಂದು ಒಪ್ಪಿಕೊಂಡಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ರಿಪೇರಿ ಅಂಗಡಿಯೊಂದರ ಹಿಂದೆ, ಹೊಟ್ಟೆಯೊಳಗಿನದೆಲ್ಲ ಕಿತ್ತು ಬಿಸಾಡಿದ್ದ ಕಿಟಕಿ ಏಸಿಯೊಂದು ನನ್ನ ಕಣ್ಣಿಗೆ ಬಿತ್ತು. ಹೊರಗಿನ ತಗಡು ಹೊಸದರಂತಿತ್ತು. ಮುಂದಿನ ಜಾಲರಿ ಇತ್ತು, ತಿರುಗಿಸುವ ಗುಂಡಿಗಳಿದ್ದವು, ಗೋಡೆಗೆ ಸಿಕ್ಕಿಸುವ ವಯರೂ ಇತ್ತು. ಒಳಗೆ ಮಾತ್ರ ಏನೇನೂ ಇಲ್ಲ. "ಇದನ್ನ ತಗೊಂಡು ಏನ್ಮಾಡ್ತೀರಿ ಮೇಸ್ತ್ರಿ?" ಎಂದು ಅಂಗಡಿಯವನು ಕೇಳಿದ. "ಕೋಳಿ ಸಾಕ್ತೀನಿ" ಎಂದೆ. ಬಾಯಿಗೆ ಬಂದ ಆ ಸುಳ್ಳು ಮುಂದೆ ನಿಜಕ್ಕೆ ಎಷ್ಟು ಹತ್ತಿರ ಬರಲಿದೆಯೆಂದು ಆಗ ತಿಳಿದಿರಲಿಲ್ಲ.

ಹೊಸ ಏಸಿಯ ರಟ್ಟಿನ ಪೆಟ್ಟಿಗೆಯೊಂದನ್ನು ಅವನಿಂದಲೇ ಕೇಳಿ ಪಡೆದು, ಅದರೊಳಗೆ ಇದನ್ನಿಟ್ಟು, ಇಡೀ ವಠಾರ ತರಕಾರಿ ಸೋಸುತ್ತ ಅಂಗಳದಲ್ಲಿ ಕೂತಿದ್ದ ಹೊತ್ತು ನೋಡಿಕೊಂಡು, ಭಾರಕ್ಕೆ ಬೆನ್ನು ಮುರಿಯುತ್ತಿರುವವನಂತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಪೆಟ್ಟಿಗೆ ನಿಜವಾಗಿ ಒಂದು ಬಕೆಟ್ಟಿನಷ್ಟೂ ತೂಕವಿರಲಿಲ್ಲ.

ಹಿಂದಿನ ಗೋಡೆಯ ಕಿಟಕಿಯಲ್ಲಿ ಡಬ್ಬವನ್ನು ಕೂರಿಸಿದಾಗ ಗುಯಿಲಾನ್ ಜಾಲರಿಯ ಒಳಕ್ಕೆ ಇಣುಕಿ ನೋಡಿದಳು. ಹಿಂದಿನ ಸೀಳುಗಳಿಂದ ಓಣಿ ಕಾಣುತ್ತಿತ್ತು.

"ಇದೇನು ಲಾವ್ ಕುವಾಂಗ್?"

"ಏಸಿ."

"ಇದರಲ್ಲಿ ಆಚೆಮನೆ ಬೆಕ್ಕು ಕಾಣ್ತಿದೆ."

"ಹೊರಗಿಂದ ನೋಡೋರಿಗೆ ಏಸಿ. ಮುಂದಿನ ವರ್ಷ ನಿಜವಾದ್ದು ತರೋಣ. ಅಲ್ಲೀವರೆಗೆ ಜಾಗ ಹಿಡಿದಿರಲಿ."

ಅವಳು ಅಡಿಗೆಮನೆಗೆ ಹೋದಳು. ಪಾತ್ರೆಗಳು ದಡಬಡ ಸದ್ದು ಮಾಡಿದವು.

ಸುಳ್ಳಿನ ಕಷ್ಟ ಶುರುವಾಗುವುದು ಅದನ್ನು ಗೋಡೆಗೆ ಹೊಡೆದ ಮೇಲೆ. ಏಸಿ ಇರುವವರು ಓಣಿಯಲ್ಲಿ ಮಲಗುವಂತಿಲ್ಲ. ಹಾಗಾಗಿ ನಮ್ಮ ಬಿದಿರಿನ ಮಂಚ ಅಟ್ಟ ಸೇರಿತು. ಏಸಿ ಇರುವ ಮನೆಯ ಕಿಟಕಿ ತೆರೆದಿರುವಂತಿಲ್ಲ. ಹಾಗಾಗಿ ನಾವಿಬ್ಬರೂ ಕಿಟಕಿ ಬಾಗಿಲು ಜಡಿದುಕೊಂಡು ಆವಿಯಲ್ಲಿ ಬೇಯುವ ಬನ್ನುಗಳಂತೆ ಒಳಗೆ ಬಿದ್ದುಕೊಂಡೆವು. ಗುಯಿಲಾನಳ ಬೆನ್ನಿನ ತುಂಬ ಬೆವರುಸಾಲೆ ಎದ್ದಿತು. "ನಿನ್ನ ಮುಖ ತಂಪಾಯ್ತು, ನನ್ನ ಬೆನ್ನು ಉರಿಯತ್ತೆ" ಎಂದು ಅವಳು ಪೌಡರ್ ಡಬ್ಬಿಯನ್ನು ನನ್ನ ಕೈಗೆ ತುರುಕುತ್ತಿದ್ದಳು. ನಾನು ಅಪರಾಧಿಯಂತೆ ಪೌಡರ್ ಹಚ್ಚುತ್ತಿದ್ದೆ.

ಮತ್ತೆ ಸ್ವೆಟರ್. ಅದನ್ನು ಹೇಗೆ ಬಿಡಲಿ? ಟ್ರಂಕಿನಿಂದ ನುಸಿಗುಳಿಗೆಯ ವಾಸನೆಯ ನೀಲಿ ಸ್ವೆಟರ್ ತೆಗೆದು ಹಾಕಿಕೊಂಡು ಅಂಗಳಕ್ಕಿಳಿದೆ. ಪಾಂಗ್ ಅಲ್ಲೇ ಇದ್ದ, ಅವನದು ಕಂದು ಸ್ವೆಟರ್.

"ನಿಮ್ಮನೇಲೂ ಚಳೀನಾ?" ಎಂದ.

"ಕೇಳ್ಬೇಡ. ಹಲ್ಲು ಕಟಕಟ ಅನ್ನತ್ತೆ."

ಸುಡುವ ಸಿಮೆಂಟಿನ ಮೇಲೆ ಇಬ್ಬರೂ ಎದುರುಬದುರು ನಿಂತು ಅರ್ಧ ಗಂಟೆ ಚಳಿಯ ವಿಷಯ ಮಾತಾಡಿದೆವು. ಹೊರಡುವಾಗ ಅವನು ಹುಬ್ಬುಗಂಟಿಕ್ಕಿ, "ಅಲ್ಲ, ಎಲ್ಲರ ಏಸಿಯಿಂದಲೂ ನೀರು ತೊಟ್ಟಿಕ್ಕತ್ತೆ. ನಿಂದ್ಯಾಕೆ ಒಣಗಿದೆ?" ಎಂದ.

ಮರುದಿನದಿಂದ ನಮ್ಮ ಏಸಿಯೂ ತೊಟ್ಟಿಕ್ಕಿತು. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಸೂಜಿಯಿಂದ ತೂತು ಮಾಡಿ ಡಬ್ಬದ ಹಿಂಬದಿಗೆ ಕಟ್ಟಿದ್ದೆ. ಅದನ್ನು ತುಂಬಿಸುವ ಕೆಲಸ ಗುಯಿಲಾನಳ ಪಾಲಿಗೆ ಬಂತು. ಒಳ್ಳೆಯ ನೀರನ್ನು ಇಂಥ ಕೆಲಸಕ್ಕೆ ಹಾಳುಮಾಡಲಾರೆನೆಂದು ಅವಳು ಅಕ್ಕಿ ತೊಳೆದ ನೀರು ಹೊಯ್ಯುತ್ತಿದ್ದಳು. ಹನಿಗಳು ನೇರವಾಗಿ ಬೀಳುತ್ತಿದ್ದದ್ದು ಪಾಂಗನ ತಾಯಿಯ ಈರುಳ್ಳಿಸೊಪ್ಪಿನ ಕುಂಡಗಳಿಗೆ.

ಆ ತಾಯಿ ವಠಾರಕ್ಕೆಲ್ಲ ಪಾಂಗ್ ಅಜ್ಜಿ, ವಯಸ್ಸು ಎಂಬತ್ತಮೂರು. ಹಲ್ಲಿಲ್ಲ, ಕಣ್ಣು ಚುರುಕು. ದಿನವಿಡೀ ಹಿಂದಿನ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಓಣಿ ಕಾಯುವುದೇ ಅವಳ ಉದ್ಯೋಗ. ಒಂದು ಬೆಳಿಗ್ಗೆ ನನ್ನನ್ನು ಮೆಟ್ಟಿಲಲ್ಲಿ ತಡೆದಳು.

"ಲೇ ಕುವಾಂಗ್, ನಿನ್ನ ಏಸಿ ನೀರು ಬೆಳ್ಳಗಿದೆಯಲ್ಲೋ."

"ವಿದೇಶೀ ಮಾಡಲ್ಲು, ಅಜ್ಜಿ."

"ಓಹೋ. ನನ್ನ ಈರುಳ್ಳಿಸೊಪ್ಪು ಚೆನ್ನಾಗಿ ಚಿಗುರ್ತಿದೆ ಕಣಪ್ಪ. ನಿಲ್ಲಿಸ್ಬೇಡ." ಎಂದು ವಸಡು ತೋರಿಸಿ ನಕ್ಕಳು. ಮುದುಕಿಗೆ ಏನು ತಿಳಿಯುತ್ತದೆ ಎಂದುಕೊಂಡು ನಾನು ಕಾರ್ಖಾನೆಗೆ ಹೋದೆ.

ಇದೇ ಹೊತ್ತಿಗೆ ಏಸಿ ಶಬ್ದವನ್ನೂ ಮಾಡತೊಡಗಿತು. ಹಿಂದಿನ ಸೀಳುಗಳಿಂದ ಗುಬ್ಬಿಯೊಂದು ಒಳಹೊಕ್ಕು ಹುಲ್ಲು, ದಾರ, ನನ್ನ ಸ್ವೆಟರಿನ ಎಳೆ ಎಲ್ಲ ಸೇರಿಸಿ ಗೂಡು ಕಟ್ಟಿತ್ತು. ತೆಗೆದುಹಾಕಲು ಹೊರಟೆ. ಗುಯಿಲಾನ್ ಬಿಡಲಿಲ್ಲ. "ಈ ಡಬ್ಬದಿಂದ ಯಾರಿಗಾದ್ರೂ ಉಪಯೋಗ ಆಗ್ಲಿ" ಎಂದಳು. ಆಮೇಲೆ ಜಾಲರಿಯ ಸಂದಿಯಿಂದ ಅನ್ನದ ಅಗುಳನ್ನೂ ಹಾಕತೊಡಗಿದಳು.

ಜೂನ್ ಕೊನೆಯಲ್ಲಿ ಮನೆಮನೆಯ ವಿದ್ಯುತ್ ಸಮೀಕ್ಷೆ ಬಂತು. ಕಾಲೇಜು ಓದುವ ಹುಡುಗಿಯೊಬ್ಬಳು ಉದ್ದನೆಯ ಫಾರಂ ಹಿಡಿದು, ನಿವಾಸಿಗಳ ಸಮಿತಿಯ ಟಾವ್ ದೊಡ್ಡಕ್ಕನ ಜೊತೆ ಬಾಗಿಲಿಗೆ ಬಂದಳು. ಟಾವ್ ದೊಡ್ಡಕ್ಕನ ಪರಿಚಯ ಹೇಳಬೇಕೆಂದರೆ, ಆಕೆ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡರೆ ಬೀದಿನಾಯಿಯೂ ನೆಟ್ಟಗೆ ಕೂರುತ್ತಿತ್ತು. ಅವರ ಹಿಂದೆಯೇ ಪಾಂಗ್, ಕಂದು ಸ್ವೆಟರಿನಲ್ಲಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಬಣ್ಣದ ಟೀವಿ?"

"ಇದೆ."

"ಫ್ರಿಜ್ಜು? ಬಟ್ಟೆ ಒಗೆಯೋ ಯಂತ್ರ?"

"ಇದೆ. ಇದೆ."

"ಏಸಿ?"

ನೋಡಿ, ಇಲ್ಲಿ ನನಗೆ ಒಂದು ಉಸಿರಿನಷ್ಟು ಸಮಯವಿತ್ತು. 'ಇಲ್ಲ' ಎನ್ನುವುದು ಎರಡಕ್ಷರ. ಪಾಂಗ್ ಅಂಗೈ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ. "ಇದೆಯಲ್ಲ, ಕಾಣಲ್ವೇ!" ಎಂದೆ.

"ದಿನಕ್ಕೆ ಎಷ್ಟು ಗಂಟೆ ಓಡಿಸ್ತೀರಿ?"

"ನಾನು ಹತ್ತು ಗಂಟೆ ಅಂತ ಬರೆಸ್ದೆ" ಎಂದ ಪಾಂಗ್, ಯಾರೂ ಕೇಳದಿದ್ದರೂ.

"ಹದಿನೆಂಟು" ಎಂದೆ ನಾನು.

ಹುಡುಗಿ ಬರೆದುಕೊಂಡು, ಹೊರಗಿನ ಮೀಟರಿನ ಲೆಕ್ಕ ಹಿಡಿದು ತಂದಳು. ಅವಳ ಪೆನ್ಸಿಲ್ ಗಾಳಿಯಲ್ಲೇ ನಿಂತಿತು. "ಅಂಕಲ್, ಇಡೀ ತಿಂಗಳಿಗೆ ಮೂವತ್ತೆಂಟು ಯೂನಿಟ್. ಇದು ಹೇಗೆ ಸಾಧ್ಯ?"

ಮೀಟರನ್ನು ಮರೆತಿದ್ದೆ. ಇಪ್ಪತ್ತಾರು ವರ್ಷ ಅಳತೆ ಮಾಡಿದವನು ಮೀಟರನ್ನು ಮರೆತಿದ್ದೆ! ಕಿವಿಗಳು ಕಾವಲಿಯಂತೆ ಕಾದವು. ಬಾಯಿ ತನ್ನಷ್ಟಕ್ಕೆ ತಾನು ತೆರೆದುಕೊಂಡಿತು.

"ಅದಕ್ಕೊಂದು ವಿಧಾನ ಇದೆ" ಎಂದೆ.

ಟಾವ್ ದೊಡ್ಡಕ್ಕನ ಕಣ್ಣು ಹೊಳೆದವು. ಪಕ್ಕದ ವಠಾರಕ್ಕೆ ನೈರ್ಮಲ್ಯದ ಕೆಂಪು ಫಲಕ ಸಿಕ್ಕಿ ಮೂರು ವರ್ಷವಾಗಿತ್ತು. ನಮಗೆ ಯಾವ ಫಲಕವೂ ಬಂದಿರಲಿಲ್ಲ. "ಕುವಾಂಗ್ ಮೇಸ್ತ್ರಿ," ಎಂದು ಆಕೆ ನನ್ನ ಕೈ ಹಿಡಿದುಕೊಂಡಳು, "ಇಂಥ ವಿದ್ಯೆ ಇಟ್ಕೊಂಡು ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ರಾ?"

ಹತ್ತೇ ದಿನದಲ್ಲಿ 'ವಿದ್ಯುತ್ ಉಳಿತಾಯದ ಮಾದರಿ ಮನೆ' ಎಂಬ ಕೆಂಪು ಫಲಕ ನಮ್ಮ ಬಾಗಿಲ ಮೇಲೆ ಬಂತು. ಟಾವ್ ದೊಡ್ಡಕ್ಕ ಮೊಳೆ ಹೊಡೆಸುವಾಗ ಗುಯಿಲಾನ್ ಕಲ್ಲಂಗಡಿ ಕೊಯ್ಯುವ ಚಾಕು ಹಿಡಿದು ಒಳಗೆ ನಿಂತಿದ್ದಳು. ಯಾರನ್ನು ಕೊಯ್ಯಬೇಕೆಂದು ಯೋಚಿಸುತ್ತಿದ್ದಳೋ ಏನೋ. ಫಲಕದ ಹಿಂದೆಯೇ, ಜುಲೈ ಮಧ್ಯದಲ್ಲಿ, 'ವಿಧಾನ' ನೋಡಲು ಮೇಲಿನಿಂದ ಅಧಿಕಾರಿಗಳು ಬರುತ್ತಾರೆಂಬ ಸುದ್ದಿಯೂ ಬಂತು.

ಆ ದಿನ ಕಾರ್ಖಾನೆಯ ಕ್ಯಾಂಟೀನಿನಿಂದ ಮಂಜುಗಡ್ಡೆ ತಂದು ಮಂಚದ ಕೆಳಗೆ ತೊಟ್ಟಿಯಲ್ಲಿಟ್ಟು, ಅದರ ಹಿಂದೆ ಟೇಬಲ್ ಫ್ಯಾನ್ ಬಚ್ಚಿಟ್ಟೆ. ಅಧಿಕಾರಿಗಳು ಒಂದು ಗಂಟೆ ತಡವಾಗಿ ಬಂದರು. ಅಷ್ಟರಲ್ಲಿ ಮಂಜು ನೀರಾಗಿ, ಫ್ಯಾನು ಬರೀ ಉಗಿಯನ್ನು ಊದುತ್ತಿತ್ತು. ಬಂದವರು ಲುವಾನ್ ಎಂಬ ವಿಭಾಗಾಧಿಕಾರಿ, ಫೋಟೋ ತೆಗೆಯುವವನೊಬ್ಬ, ಜೊತೆಗೆ ಟಾವ್ ದೊಡ್ಡಕ್ಕ. ಬಾಗಿಲಲ್ಲಿ ಪಾಂಗ್ ಮತ್ತು ಅರ್ಧ ಕಟ್ಟಡ. ಕಿಟಕಿಗಳು ಮುಚ್ಚಿದ್ದವು. ಲುವಾನ್ ಸಾಹೇಬರ ಬೆವರು ನೋಟುಬುಕ್ಕಿನ ಮೇಲೆ ತೊಟ್ಟಿಕ್ಕಿ ಶಾಯಿ ಹರಡಿತು.

"ಅಷ್ಟೊಂದು ತಂಪು ಅನ್ನಿಸ್ತಿಲ್ಲವಲ್ಲ" ಎಂದರು ಅವರು, ಮೆಲ್ಲಗೆ.

"ಅದೇ ಸಾರ್ ಉಳಿತಾಯ" ಎಂದೆ.

"ನಂಗಂತೂ ಚಳಿ" ಎಂದು ಟಾವ್ ದೊಡ್ಡಕ್ಕ ತೋಳು ಉಜ್ಜಿಕೊಂಡಳು. ಆಕೆಯ ಅಂಗಿ ಬೆನ್ನಿಗಂಟಿ ನೀರಿಳಿಯುತ್ತಿತ್ತು. ಹಿಂದೆ ನಿಂತವರೂ ಒಬ್ಬೊಬ್ಬರಾಗಿ, "ಹೌದು ಹೌದು, ತಂಪಿದೆ" ಎಂದರು. ಲುವಾನ್ ಸಾಹೇಬರು ಜಾಲರಿಯ ಮುಂದೆ ಕೈ ಹಿಡಿದರು.

"ಗಾಳಿ ಬರ್ತಿಲ್ಲ?"

"ಗಾಳಿ ಬಿಟ್ರೆ ತಂಪು ಹೊರಟುಹೋಗತ್ತೆ, ಸಾರ್."

ಆಗಲೇ ಡಬ್ಬದೊಳಗೆ ಗುಬ್ಬಿಮರಿಗಳು ಎದ್ದವು. ಚೀಂವ್ ಚೀಂವ್ ಚೀಂವ್ ಎಂದು ಇಡೀ ಕೋಣೆ ತುಂಬುವಷ್ಟು ಗಲಾಟೆ. ಸಾಹೇಬರು ಹಿಂದಕ್ಕೆ ಹಾರಿದರು.

"ಇದೇನು?"

"ಉಳಿತಾಯ ಆಗುವಾಗ ಹಾಗೆ ಶಬ್ದ ಮಾಡತ್ತೆ."

ಅವರು ಅದನ್ನು ಬರೆದುಕೊಂಡರು. ನಾನು ನೋಡುತ್ತಲೇ ಇದ್ದೆ, 'ಶಬ್ದ: ಚೀಂವ್' ಎಂದು ಬರೆದು ಕೆಳಗೆ ಗೆರೆ ಎಳೆದರು. ಆಮೇಲೆ ತಲೆಯೆತ್ತಿ, "ಸರಿ. ಈಗ ನಿಮ್ಮ ವಿಧಾನ ಏನು ಅಂತ ಒಂದೇ ಮಾತಲ್ಲಿ ಹೇಳಿ. ವರದಿಗೆ ಬೇಕು" ಎಂದರು.

ನಾನು ಸೂರು ನೋಡಿದೆ. ಫ್ರಿಜ್ಜು ನೋಡಿದೆ. ಬೀರುವಿನ ಮೇಲೆ ಚಳಿಗಾಲದ ರಜಾಯಿ ಮಡಿಸಿಟ್ಟಿತ್ತು.

"ರಜಾಯಿ" ಎಂದೆ. "ಹತ್ತಿ ರಜಾಯಿ ಒದ್ದೆ ಮಾಡಿ ಏಸಿಯ ಹೊರಗಿನ ಭಾಗಕ್ಕೆ ಹೊದಿಸ್ಬೇಕು, ಸಾರ್. ಮಧ್ಯಾಹ್ನ ಎರಡು ಗಂಟೆ ಹೊತ್ತು. ಏಸಿಗೇ ಸೆಕೆಯಾದ್ರೆ ಅದು ನಮಗೆ ಹೇಗೆ ತಂಪು ಕೊಡತ್ತೆ?"

ಕೋಣೆಯಲ್ಲಿ ಮೆಚ್ಚುಗೆಯ ಗುಸುಗುಸು ಹರಡಿತು. ಎಷ್ಟು ಸರಳ! ನಮಗ್ಯಾಕೆ ಹೊಳೀಲಿಲ್ಲ! ಫೋಟೋದವನು ನನ್ನನ್ನೂ ರಜಾಯಿಯನ್ನೂ ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆದ. ಎಲ್ಲರೂ ಹೋದ ಮೇಲೆ ಗುಯಿಲಾನ್ ಕಿಟಕಿ ತೆರೆದು, "ಲಾವ್ ಕುವಾಂಗ್, ಹೊಟ್ಟೆಗೆ ಇಲ್ಲದ್ದು ಮುಖಕ್ಕೆ ಯಾಕೆ?" ಎಂದಷ್ಟೇ ಕೇಳಿ ಮರಿಗಳಿಗೆ ಅಗುಳು ಹಾಕಿದಳು.

ಮೂರು ದಿನಗಳಾದ ಮೇಲೆ ನಲವತ್ತು ಡಿಗ್ರಿಯ ಮಧ್ಯಾಹ್ನ. ಕಾರ್ಖಾನೆಯ ಊಟದ ಬಿಡುವಿನಲ್ಲಿ ಮನೆಗೆ ಬಂದು, ಚಿಲಕ ಹಾಕಿಕೊಂಡು, ಬನಿಯನ್ನಿನಲ್ಲಿ ಹೆಸರುಕಾಳಿನ ಗಂಜಿ ಕುಡಿಯುತ್ತಿದ್ದೆ. ಕೆಳಗಿನಿಂದ ಕಿರುಚಾಟ ಕೇಳಿಸಿತು. ಮೆಟ್ಟಿಲ ಮೇಲೆ ದಡಬಡ ಹೆಜ್ಜೆಗಳು. ಬಾಗಿಲು ಧಡಧಡ ಬಡಿಯಿತು.

ತೆರೆದರೆ, ಬಿದಿರಿನ ಮಂಚದ ಮೇಲೆ ಪಾಂಗ್ ಅಜ್ಜಿ. ಮುಖ ಕೆಂಪೇರಿತ್ತು, ಕಣ್ಣು ಮುಚ್ಚಿತ್ತು, ತುಟಿ ಒಣಗಿತ್ತು. ಮಂಚದ ಮುಂದಿನ ಕಾಲು ಪಾಂಗನ ಕೈಯಲ್ಲಿ, ಹಿಂದಿನದು ಅವನ ಹೆಂಡತಿಯ ಕೈಯಲ್ಲಿ. ಟಾವ್ ದೊಡ್ಡಕ್ಕ ದಾರಿ ಮಾಡಿಸುತ್ತಿದ್ದಳು. ಹಿಂದೆ ಮತ್ತೆ ಅರ್ಧ ಕಟ್ಟಡ.

"ಲಾವ್ ಕುವಾಂಗ್, ಏಸಿ ಜೋರಾಗಿ ಹಾಕು! ಅಮ್ಮಂಗೆ ಸೆಕೆ ಹೊಡೆದಿದೆ! ನಮ್ಮನೇದು ಸುಟ್ಟುಹೋಯ್ತು!"

"ಸುಟ್ಟುಹೋಯ್ತಾ? ಹೇಗೆ?"

"ನಂಗೇನು ಗೊತ್ತು! ನಿನ್ನ ವಿಧಾನದ ಪ್ರಕಾರಾನೇ ಒದ್ದೆ ರಜಾಯಿ ಹೊದಿಸಿದ್ದೆ. ಅರ್ಧ ಗಂಟೆಗೆ ಹೊಗೆ ಬಂತು. ನನ್ನ ರಜಾಯೀಲೇ ಏನೋ ಐಬಿರಬೇಕು. ಇರಲಿ, ನೀನು ಮೊದ್ಲು ಏಸಿ ಹಾಕಪ್ಪ!"

ಅಯ್ಯೋ, ಅವನು ನನ್ನನ್ನು ಬೈಯಲಿಲ್ಲ. ತನ್ನ ರಜಾಯಿಯನ್ನು ಬೈದುಕೊಂಡ. ಅಲ್ಲಿಯವರೆಗೆ ಕಿವಿ ಮಾತ್ರ ಕಾಯುತ್ತಿದ್ದ ನನಗೆ ಆಗ ಮೈಯೆಲ್ಲ ತಣ್ಣಗಾಯಿತು. ಅದೊಂದೇ ಸಲ ಆ ಮನೆಯಲ್ಲಿ ನನಗೆ ನಿಜವಾಗಿ ಚಳಿಯಾದದ್ದು. ಗುಯಿಲಾನ್ ನನ್ನನ್ನೇ ನೋಡಿದಳು. ಬಿಂದಿಗೆ ಎತ್ತಿಕೊಂಡು ನೀರಿಗೆ ಓಡಿದಳು.

"ಇಲ್ಲ" ಎಂದೆ.

"ಏನಿಲ್ಲ?"

"ಏಸಿ ಇಲ್ಲ."

ಪಾಂಗ್ ಬಾಯಿ ಬಿಟ್ಟುಕೊಂಡು ಗೋಡೆಯ ಡಬ್ಬ ನೋಡಿದ, ನನ್ನ ನೋಡಿದ. ಅವನ ಮುಖ ಬದಲಾಯಿತು. "ಕರೆಂಟ್ ಉಳಿಸ್ತಿದೀಯಾ? ನಮ್ಮಮ್ಮ ಸಾಯ್ತಾ ಬಿದ್ದಿದಾಳೆ, ಈಗ್ಲೂ ನಿಂಗೆ ಯೂನಿಟ್ ಚಿಂತೇನಾ? ಮನುಷ್ಯನೇನೋ ನೀನು?"

"ಓ, ಇದೇನಾ ಇವರ ವಿಧಾನ! ಹಾಕೋದೇ ಇಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಜಿಪುಣಾಗ್ರೇಸರ!"

"ಥೂ, ಇವನ ಫಲಕಕ್ಕಿಷ್ಟು!"

"ಇಲ್ಲ ಕಣ್ರೋ! ನಿಜವಾಗ್ಲೂ ಇಲ್ಲ!" ಎಂದು ನಾನು ಕೈ ಮುಗಿದೆ. ತಿಂಗಳಿಗೂ ಹೆಚ್ಚು ಕಾಲ ಇಲ್ಲದ ಏಸಿಯನ್ನು ಇದೆಯೆಂದು ನಂಬಿಸಲು ಒಂದು ಸ್ವೆಟರ್ ಸಾಕಾಗಿತ್ತು. ಇಲ್ಲವೆಂದು ನಂಬಿಸಲು ಎಷ್ಟು ಬಾಯಿ ಬಡಿದುಕೊಂಡರೂ ಆಗಲಿಲ್ಲ. ಗುಂಡಿ ತಿರುಗಿಸಿ ತೋರಿಸಿದೆ. "ನಾಟಕ" ಎಂದರು. ವಯರನ್ನು ಎಳೆದೆ. ಅದರ ಇನ್ನೊಂದು ತುದಿ ಬೋಳಾಗಿ ಕೈಗೆ ಬಂತು. "ಈಗ್ಲೇ ಕಿತ್ತುಹಾಕ್ದ ನೋಡಿ, ಪಾಪಿ!" ಎಂದರು. ಟಾವ್ ದೊಡ್ಡಕ್ಕ ನನ್ನ ಕಿವಿಯ ಹತ್ತಿರ ಬಂದು, "ಮೇಸ್ತ್ರಿ, ಹುಡುಗಾಟ ಬೇಡ. ವರದಿ ಮೇಲಕ್ಕೆ ಹೋಗಿಯಾಗಿದೆ" ಎಂದು ಹಲ್ಲು ಕಚ್ಚಿದಳು.

ಕೊನೆಗೆ ಎರಡೂ ಕೈಯಿಂದ ಜಾಲರಿ ಹಿಡಿದು ಎಳೆದುಬಿಟ್ಟೆ. ಅದು ಕಳಚಿ ಬಂತು. ಎಲ್ಲರೂ ಕತ್ತು ಚಾಚಿದರು. ಡಬ್ಬದೊಳಗೆ ಹುಲ್ಲಿನ ಗೂಡು, ಗೂಡಿನಲ್ಲಿ ನನ್ನ ಸ್ವೆಟರಿನ ನೀಲಿ ಎಳೆ, ಅದರ ಮೇಲೆ ನಾಲ್ಕು ಗುಬ್ಬಿಮರಿಗಳು. ಊಟ ಬಂತೆಂದು ತಿಳಿದು ನಾಲ್ಕೂ ಹಳದಿ ಬಾಯಿ ತೆರೆದು ಇಡೀ ಏಳನೇ ಕಟ್ಟಡದ ಕಡೆಗೆ ಕಿರುಚಿದವು.

ಅಷ್ಟು ಜನರ ಮುಂದೆ, ಜಾಲರಿ ಕೈಯಲ್ಲಿ ಹಿಡಿದು, ಬನಿಯನ್ನಿನಲ್ಲಿ ನಿಂತು, ನನಗೆ ನಾಚಿಕೆಯಿಂದ ಅಳು ಬಂತು. ಅತ್ತೂ ಬಿಟ್ಟೆ.

ಅಷ್ಟರಲ್ಲಿ ಗುಯಿಲಾನ್ ಜನರನ್ನು ತಳ್ಳಿಕೊಂಡು ಒಳಬಂದಳು. ಇದ್ದ ಕಿಟಕಿಗಳನ್ನೆಲ್ಲ ತೆರೆದಳು. ನೆಲಕ್ಕೆ ನೀರು ಹೊಯ್ದಳು. ಅಜ್ಜಿಯ ಕತ್ತು, ಕಂಕುಳಿಗೆ ಒದ್ದೆ ಟವೆಲ್ ಒತ್ತಿದಳು. ಮಂಚದ ಕೆಳಗಿದ್ದ ಟೇಬಲ್ ಫ್ಯಾನನ್ನು ಎಳೆದು ತಂದು ಅಜ್ಜಿಯ ಕಡೆ ತಿರುಗಿಸಿದಳು. "ಬಾಗಿಲು ಬಿಟ್ಟು ನಿಲ್ಲಿ, ಗಾಳಿ ಬರ್ಲಿ! ಮರಿಗುಬ್ಬಿ ನೋಡಿಲ್ವಾ ಯಾರೂ?" ಎಂದು ಗದರಿದಳು. ಪಾಂಗನ ಹೆಂಡತಿ ಬೀಸಣಿಗೆ ಬೀಸಿದಳು. ಉಸಿರು ಸರಾಗವಾಗಿ ಒಂದಿಷ್ಟು ಎಚ್ಚರವಾದ ಮೇಲೆ ಚಮಚದಲ್ಲಿ ಹೆಸರುಕಾಳಿನ ನೀರು ಹಾಕಿದರು. ಕಾಲು ಗಂಟೆಯ ಹೊತ್ತಿಗೆ ಅಜ್ಜಿ ಪೂರ್ತಿ ಕಣ್ಣು ಬಿಟ್ಟಳು. ಮೊದಲು ಮಗನನ್ನು ನೋಡಿದಳು, ಆಮೇಲೆ ಗೋಡೆಯನ್ನು.

"ಆ ಮುಚ್ಚಳ ಹಾಕ್ರೋ" ಎಂದಳು, ಸಣ್ಣ ದನಿಯಲ್ಲಿ. "ಮರಿಗಳು ಹೆದರ್ಕೋತಾವೆ."

"ಅಮ್ಮಾ! ಅದು ಏಸಿಯಲ್ಲ! ಇವನು ನಮಗೆಲ್ಲ ಮೋಸ ಮಾಡಿದಾನೆ!"

"ನಂಗೊತ್ತಿಲ್ವೇನೋ? ದಿನಕ್ಕೆ ನೂರು ಸಲ ತಾಯಿಗುಬ್ಬಿ ಹುಳ ಕಚ್ಕೊಂಡು ಅದರೊಳಗೆ ಹೋಗತ್ತೆ. ಏಸಿ ಹುಳ ತಿನ್ನತ್ತಾ?"

ಪಾಂಗ್ ಕುಸಿದು ಕೂತ. "ಮತ್ತೆ ಹೇಳ್ಬಾರ್ದಿತ್ತಾ?"

"ಹೇಗೋ ಹೇಳೋದು?" ಅಜ್ಜಿ ಉಸಿರು ತೆಗೆದುಕೊಂಡಳು. "ಇಂಥಾ ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡು ಓಡಾಡ್ತಿದ್ದ. ಅಷ್ಟು ಕಷ್ಟಪಟ್ಟು ಸುಳ್ಳು ಹೇಳೋನ ಮುಖ ಕೆಡಿಸಕ್ಕೆ ನಂಗೆ ಮನಸ್ಸು ಬರ್ಲಿಲ್ಲ. ನೀನೂ ಹಾಗೇ ಅಲ್ವಾ. ಏಸಿಯಿಂದ ಶೀತ ಆಗತ್ತೆ ಅಂತ ದಿನಕ್ಕೆ ಒಂದು ಗಂಟೆನೂ ಹಾಕ್ತಿರ್ಲಿಲ್ಲ. ಹತ್ತು ಗಂಟೆ ಅಂತ ಬರೆಸ್ದೆ."

ಈ ಸಲ ನೆಲ ನೋಡುವ ಸರದಿ ಪಾಂಗನದು. ನಾಲ್ಕನೇ ಮಹಡಿಯವನು, ಐದನೇ ಮಹಡಿಯವಳು, ಎಲ್ಲರಿಗೂ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟು ಬಂದ ಅನ್ನ ನೆನಪಾಗಿ ಒಬ್ಬೊಬ್ಬರಾಗಿ ಇಳಿದುಹೋದರು.

ನಾನು ಮಾರನೆಯ ದಿನ ಪಾಂಗನ ಏಸಿಯನ್ನು ಸ್ವಂತ ಖರ್ಚಿನಲ್ಲಿ ರಿಪೇರಿಗೆ ಕಳಿಸಿದೆ. ಫಲಕ ಕಿತ್ತುಕೊಂಡು ಟಾವ್ ದೊಡ್ಡಕ್ಕನ ಮನೆಗೆ ಹೋಗಿ, "ವಾಪಸ್ ತಗೊಳ್ಳಿ, ತಪ್ಪಾಯ್ತು" ಎಂದೆ. ಆಕೆ ಫಲಕವನ್ನು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆ ತಳ್ಳಿದಳು. "ವಾಪಸ್ ತಗೊಳ್ಳೋ ಫಾರಂ ನಮ್ಮ ಸಮಿತೀಲಿ ಇಲ್ಲ. ಮೂವತ್ತೆಂಟು ಯೂನಿಟ್ ಅನ್ನೋದಂತೂ ಸುಳ್ಳಲ್ಲ ತಾನೇ? ಹೋಗಿ, ಹೊಡೀರಿ ಮೊಳೆ." ಹಾಗಾಗಿ ನಾನೇ ಮತ್ತೆ ಮೊಳೆ ಹೊಡೆದೆ. ದಿನಕ್ಕೆ ನಾಲ್ಕು ಸಲ ಅದರ ಕೆಳಗೆ ತಲೆ ಬಗ್ಗಿಸಿಕೊಂಡು ಹೋಗಿ ಬರುತ್ತೇನೆ.

ಡಬ್ಬವನ್ನಾದರೂ ಇಳಿಸೋಣವೆಂದರೆ ಅಜ್ಜಿ ಒಪ್ಪಲಿಲ್ಲ. ಮರಿ ಹಾರುವ ತನಕ ಮುಟ್ಟಕೂಡದೆಂದು ಆಜ್ಞೆಯಾಯಿತು. ಮರಿಗಳು ಹಾರಿದವು, ಅದೇ ವಾರ ಗುಬ್ಬಿ ಮತ್ತೆ ಮೊಟ್ಟೆಯಿಟ್ಟಿತು. ನನ್ನ ಮಾನ ಸೆಪ್ಟೆಂಬರ್‌ವರೆಗೆ ಮೂರನೇ ಮಹಡಿಯಲ್ಲಿ ನೇತಾಡುತ್ತಿತ್ತು. ಪಕ್ಕದ ವಠಾರದವರೂ ನೋಡಲು ಬರುತ್ತಿದ್ದರು. ಸಂಜೆ ನಾವು ಬಿದಿರಿನ ಮಂಚ ಮತ್ತೆ ಓಣಿಗೆ ತಂದಾಗ, ಮೊದಲ ದಿನ ನನ್ನ ಪಕ್ಕ ಯಾರೂ ಮಂಚ ಹಾಕಲಿಲ್ಲ. ಎರಡನೆಯ ದಿನ ಪಾಂಗ್ ತನ್ನದನ್ನು ಎಳೆದುಕೊಂಡು ಬಂದು, ಬನಿಯನ್ನು ಸುತ್ತಿಕೊಂಡು, ಬೆನ್ನು ಮಾಡಿ ಮಲಗಿದ. ಅತ್ತ ತಿರುಗಿಯೇ, "ಸೆಕೆ" ಎಂದ. "ಹೌದು, ಸೆಕೆ" ಎಂದೆ. ಅಜ್ಜಿ ಮಾತ್ರ ಪ್ರತಿ ಬೆಳಿಗ್ಗೆ ಕಿಟಕಿಯಿಂದ ತಲೆ ಹಾಕಿ, ಓಣಿಗೆಲ್ಲ ಕೇಳುವಂತೆ, "ಕುವಾಂಗ್, ಏಸಿ ಹೇಗಿದೆಯೋ?" ಎಂದು ಕೂಗುತ್ತಿದ್ದಳು. "ಮೂರು ಮೊಟ್ಟೆ, ಅಜ್ಜಿ!" ಎಂದು ನಾನು ಮೇಲಿನಿಂದ ಕೂಗಬೇಕಿತ್ತು.

ಮುಂದಿನ ವರ್ಷ ಜೂನಿನಲ್ಲಿ ಅದೇ ಹುಡುಗಿ ಅದೇ ಫಾರಂ ಹಿಡಿದು ಬಂದಳು. ಬಾಗಿಲಲ್ಲಿ ಟಾವ್ ದೊಡ್ಡಕ್ಕ, ಪಾಂಗ್, ಈ ಸಲ ಮಗನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಬಂದ ಅಜ್ಜಿ, ಹಿಂದೆ ಅರ್ಧ ಕಟ್ಟಡ.

"ಏಸಿ?"

ಕಿವಿ ಕಾಯಿತು. "ಇಲ್ಲ" ಎಂದೆ. ಹೇಳಲು ಒಂದು ವರ್ಷ ಹಿಡಿದಿತ್ತು.

ಹುಡುಗಿ ಹಳೆಯ ಹಾಳೆ ತಿರುವಿದಳು. "ಹೋದ ವರ್ಷ ಇತ್ತಲ್ಲ ಅಂಕಲ್? ಹದಿನೆಂಟು ಗಂಟೆ ಅಂತ ಇದೆ. ಏನಾಯ್ತು? ಮಾರಿದ್ರಾ, ಕೆಟ್ಟುಹೋಯ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಮುಂದೆ ಬಂದಳು.

"ಹಾರಿಹೋಯ್ತು ಅಂತ ಬರಿಯಮ್ಮ" ಎಂದಳು. "ಒಟ್ಟು ಏಳು."

ಹುಡುಗಿ ಪೆನ್ಸಿಲ್ ಹಿಡಿದು ಫಾರಮಿನ ಮೇಲಿಂದ ಕೆಳಗೆ ಹುಡುಕಿದಳು. ಅಂಥ ಕಲಮು ಅದರಲ್ಲಿ ಇರಲಿಲ್ಲ. ಟಾವ್ ದೊಡ್ಡಕ್ಕ ಬಗ್ಗಿ ನೋಡಿ, ಗಂಭೀರವಾಗಿ, 'ಇತರೆ' ಎಂಬಲ್ಲಿ ಬೆರಳಿಟ್ಟು ತೋರಿಸಿದಳು.